ದಾನದಿಂದ ಹೊಣೆಗಾರಿಕೆಯೆಡೆಗೆ

ಗ್ರಾಮೀಣ ಸಹಕಾರಿ ಸಾಲ ಪದ್ಧತಿಯ ಜನಕನೆನಿಸಿದ ಫ್ರೀಡ್ರಿಶ್ ವಿಲ್ಹೆಲ್ಮ್ ರೈಫೈಸನ್ ಅರ್ಥಶಾಸ್ತ್ರಜ್ಞನಲ್ಲ, ಹಳ್ಳಿಗಾಡಿನ ಆಡಳಿತಾಧಿಕಾರಿ. 1818ರಲ್ಲಿ ಜರ್ಮನಿಯ ಹಾಮ್ ಎಂಬ ಊರಿನಲ್ಲಿ ಜನಿಸಿದ ಆತ, ಕಣ್ಣಿನ ಬೇನೆಯಿಂದ ಸೈನ್ಯ ತೊರೆದು, 1845ರಲ್ಲಿ ವೈಯರ್‌ಬುಷ್ ಎಂಬ ಬಡ ಗ್ರಾಮಗಳ ಸಮೂಹಕ್ಕೆ ಮೇಯರ್ ಆದ.

ಮರುವರ್ಷವೇ ಬೆಳೆ ಕೈಕೊಟ್ಟು, 1846-47ರ ಚಳಿಗಾಲದಲ್ಲಿ ಕ್ಷಾಮ ತಲೆದೋರಿತು. ಪ್ರಷ್ಯಾ ಸರ್ಕಾರ ಹಿಟ್ಟನ್ನೇನೋ ಕಳುಹಿಸಿತು. ಆದರೆ ನಗದು ಕೊಟ್ಟವರಿಗಷ್ಟೇ ಮಾರಬೇಕೆಂದು ವಿಧಿಸಿತು. ಕೈಯಲ್ಲಿ ಕಾಸಿಲ್ಲದವರೇ ಹಸಿದಿದ್ದರು. ರೈಫೈಸನ್ ಆದೇಶವನ್ನು ಬದಿಗಿರಿಸಿ ಹಿಟ್ಟನ್ನು ಸಾಲವಾಗಿ ಹಂಚಿದ. ಊರಿನ ಉಳ್ಳವರಿಂದ ಹಣ ಕೂಡಿಸಿ ಧಾನ್ಯ ಖರೀದಿಸಿದ. ಊರಿಗೆಲ್ಲ ಒಂದೇ ಒಲೆ ಕಟ್ಟಿಸಿ, ಬ್ರೆಡ್ ಅನ್ನು ಅಗ್ಗದ ದರಕ್ಕೆ ಕಡವಾಗಿ ಕೊಡಿಸಿದ. ಕಡತಗಳ ನಡುವೆಯೇ ಆಯುಷ್ಯ ಸವೆಸಿದ ನನ್ನಂಥವರಿಗೆ ಆ ನಿರ್ಧಾರದ ಭಾರ ಅರ್ಥವಾಗುತ್ತದೆ.

ಫ್ಲಾಮರ್ಸ್‌ಫೆಲ್ಡ್‌ಗೆ ವರ್ಗವಾದ ಬಳಿಕ, ಬಡ್ಡಿ ವ್ಯಾಪಾರಿಗಳ ಹಿಡಿತದಲ್ಲಿ ರೈತರು ದನಕರು ಕಳೆದುಕೊಳ್ಳುವುದನ್ನು ಕಂಡು, 1849ರಲ್ಲಿ ಅಲ್ಲಿ ನೆರವಿನ ಸಂಘ ಸ್ಥಾಪಿಸಿದ. ಸ್ಥಿತಿವಂತರು ಒಟ್ಟಾಗಿ ಜಾಮೀನು ನಿಂತು ತಂದ ಹಣದಲ್ಲಿ ಜಾನುವಾರು ಕೊಂಡು, ಬಡ ರೈತರಿಗೆ ಕಂತಿನ ಮೇಲೆ ಒದಗಿಸಲಾಯಿತು. 1854ರಲ್ಲಿ ಹೆಡೆಸ್‌ಡಾರ್ಫ್‌ನಲ್ಲಿ ಸ್ಥಾಪಿಸಿದ ಸಂಘವು ನಿರ್ಗತಿಕ ಮಕ್ಕಳ ಪೋಷಣೆಯನ್ನೂ ವಹಿಸಿಕೊಂಡಿತು.

ಆದರೆ ಸಿರಿವಂತರ ಉತ್ಸಾಹ ಕ್ರಮೇಣ ಕುಂದಿತು. ಸಾಲದ ಜವಾಬ್ದಾರಿ ತಮ್ಮದು, ಪ್ರಯೋಜನ ಮಾತ್ರ ಪರರದು ಎಂಬ ಏರ್ಪಾಡು ಬಹುಕಾಲ ಬಾಳದು. ಧರ್ಮಶ್ರದ್ಧೆಯುಳ್ಳ ರೈಫೈಸನ್‌ಗೆ ದಾನದ ಮೇಲಿನ ನಂಬಿಕೆ ಬಿಡುವುದು ಸುಲಭವಾಗಿರಲಿಲ್ಲ. ಆದರೂ 1864ರಲ್ಲಿ ಆತ ಸಂಘವನ್ನು ಪುನರ್ರಚಿಸಿದ: ಸಾಲ ಬೇಕಾದವರೇ ಸದಸ್ಯರು, ಒಬ್ಬರ ಸಾಲಕ್ಕೆ ಎಲ್ಲರೂ ಹೊಣೆ. ಪರಸ್ಪರ ಬಲ್ಲವರಷ್ಟೇ ಸೇರುವಂತೆ ಸಂಘದ ವ್ಯಾಪ್ತಿ ಕಿರಿದಾಗಿರಬೇಕು, ಲಾಭ ಹಂಚಿಹೋಗದೆ ಮೀಸಲು ನಿಧಿಯಾಗಬೇಕು ಎಂಬುದು ಆತನ ಪದ್ಧತಿಯ ತಿರುಳು. ಆಸ್ತಿಯಿಲ್ಲದವನಿಗೆ ನೆರೆಯವರ ವಿಶ್ವಾಸವೇ ಅಡಮಾನವಾಯಿತು.

ಅನಾರೋಗ್ಯದಿಂದ 1865ರಲ್ಲಿ ನಿವೃತ್ತನಾದ ಆತ, ಮರುವರ್ಷ ತನ್ನ ಅನುಭವವನ್ನು ಗ್ರಂಥವಾಗಿಸಿದ. ದೃಷ್ಟಿ ಮಂಕಾದಂತೆ ಮಗಳು ಅಮಾಲಿ ಬರವಣಿಗೆಗೆ ನೆರವಾದಳು. 1888ರಲ್ಲಿ ಆತ ತೀರಿಕೊಂಡಾಗ ಅಂತಹ ಸಂಘಗಳು ಜರ್ಮನಿಯ ಹಲವೆಡೆ ಬೇರೂರಿದ್ದವು.

ಮದ್ರಾಸ್ ಪ್ರಾಂತ್ಯದ ಅಧಿಕಾರಿ ಫ್ರೆಡರಿಕ್ ನಿಕಲ್ಸನ್, 1895 ಮತ್ತು 1897ರ ವರದಿಗಳಲ್ಲಿ ಈ ಮಾದರಿಯನ್ನು ಭಾರತಕ್ಕೆ ಶಿಫಾರಸು ಮಾಡಿದರು. 1904ರಲ್ಲಿ ಕಾಯ್ದೆ ಬಂತು. 1905ರಲ್ಲಿ ಗದಗ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದರು.

ಬಡವನನ್ನು ಫಲಾನುಭವಿಯೆಂದು ಪಟ್ಟಿಗೆ ಸೇರಿಸುವುದು ಸುಲಭ. ಪಾಲುದಾರನೆಂದು ಒಪ್ಪುವುದು ಕಠಿಣ. ರೈಫೈಸನ್‌ಗೆ ಈ ದಾರಿ ಕ್ರಮಿಸಲು ಹದಿನೇಳು ವರ್ಷ ಹಿಡಿಯಿತು. ಚುನಾವಣೆಯಿಂದ ಚುನಾವಣೆಗೆ ಸಾಲಮನ್ನಾ ಎಣಿಸುವ ನಾವು ಇನ್ನೂ ಹಾದಿಯ ಮೊದಲಲ್ಲೇ ನಿಂತಿದ್ದೇವೆ.