ಮುಪ್ಪಿನಲ್ಲೂ ವಿದ್ಯಾರ್ಥಿ: ಮಹಾತ್ಮ ಗಾಂಧೀಜಿ

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬುದು ನಮ್ಮ ನಾಡಿನ ಹಳೆಯ ಗಾದೆ. ಬಾಲ್ಯದಲ್ಲಿ ಕಲಿಯದವನು ಮುಂದೆ ಕಲಿಯಲಾರನೆಂಬುದು ಅದರ ತಾತ್ಪರ್ಯ. ಈ ಮಾತಿನಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಎಳೆಯ ಬೆರಳಿಗೆ ಸುಲಭವಾಗಿ ಒಲಿಯುವ ಕೌಶಲವು ಬಲಿತ ಬೆರಳಿಗೆ ಒಲಿಯದು. ಎಳೆಯ ನಾಲಗೆಗೆ ಹತ್ತುವ ಭಾಷೆ ಬಲಿತ ನಾಲಗೆಗೆ ಹತ್ತದು. ಆದರೆ ಇಳಿವಯಸ್ಸಿನ ಕಲಿಕೆಗೆ ಇದಕ್ಕಿಂತಲೂ ದೊಡ್ಡದಾದ ತೊಡಕು ಮತ್ತೊಂದಿದೆ. ವಯಸ್ಸು ಏರಿದಂತೆ ಮನುಷ್ಯನಿಗೆ ಮಾನ, ಪದವಿ, ಪ್ರತಿಷ್ಠೆಗಳು ಬಂದು ಸೇರುತ್ತವೆ. ನಾಲ್ಕು ಜನರ ಎದುರಿನಲ್ಲಿ ತಪ್ಪುತ್ತ, ತೊದಲುತ್ತ, ಕಿರಿಯರಿಂದ ತಿದ್ದಿಸಿಕೊಳ್ಳುತ್ತ ಕಲಿಯುವುದಕ್ಕೆ ಮನಸ್ಸು ಹಿಂಜರಿಯುತ್ತದೆ. ಈ ಹಿಂಜರಿಕೆಯನ್ನು ಗೆದ್ದವರು ವಿರಳ. ಮೋಹನದಾಸ ಕರಮಚಂದ ಗಾಂಧಿಯವರ ಜೀವನ ಚರಿತ್ರೆಯನ್ನು ಈ ದೃಷ್ಟಿಯಿಂದ ಪರಿಶೀಲಿಸಿದರೆ, ಅದು ಕೊನೆಯುಸಿರಿನವರೆಗೂ ಮುಗಿಯದ ವಿದ್ಯಾರ್ಥಿ ದೆಸೆಯ ಕಥೆಯಾಗಿ ಕಾಣುತ್ತದೆ.

1869ನೆಯ ಇಸವಿ ಅಕ್ಟೋಬರ್ 2ರಂದು ಕಾಠೇವಾಡದ ಪೋರಬಂದರಿನಲ್ಲಿ ಜನಿಸಿದ ಗಾಂಧಿಯವರು ಹುಟ್ಟಿನಿಂದ ಕುಶಲಹಸ್ತರೇನೂ ಆಗಿರಲಿಲ್ಲ. ರಾಜಕೋಟೆಯ ಶಾಲೆಯಲ್ಲಿ ಅವರು ಸಾಧಾರಣ ವಿದ್ಯಾರ್ಥಿ. 1888ರಲ್ಲಿ ನ್ಯಾಯಶಾಸ್ತ್ರ ವ್ಯಾಸಂಗಕ್ಕೆಂದು ಲಂಡನ್ನಿಗೆ ಹೋದಾಗ, ಸಭ್ಯ ಸಮಾಜದಲ್ಲಿ ಮೆರೆಯಬೇಕೆಂಬ ಹಂಬಲದಿಂದ ಮೂರು ಪೌಂಡು ತೆತ್ತು ಪಿಟೀಲು ಕೊಂಡರು. ನರ್ತನದ ಪಾಠಕ್ಕೆ ಸೇರಿದರು. ತಾಳಕ್ಕೆ ಸರಿಯಾಗಿ ಹೆಜ್ಜೆ ಬೀಳಲಿಲ್ಲ, ಪಿಟೀಲು ಒಲಿಯಲಿಲ್ಲ. ಕೆಲವು ತಿಂಗಳಲ್ಲಿಯೇ ಆ ಮೋಹವನ್ನು ತೊರೆದು ಓದಿನ ಕಡೆಗೆ ತಿರುಗಿದರು. ಪ್ರತಿಷ್ಠೆಗಾಗಿ ಕೈಹಾಕಿದ ವಿದ್ಯೆ ಕೈಹಿಡಿಯಲಿಲ್ಲ.

1893ರಲ್ಲಿ ದಕ್ಷಿಣ ಆಫ್ರಿಕಾಕ್ಕೆ ತೆರಳಿದ ಮೇಲೆ ಅವರ ಕಲಿಕೆ ಬೇರೊಂದು ದಾರಿ ಹಿಡಿಯಿತು. ಅಗಸನ ಖರ್ಚನ್ನು ಉಳಿಸಲೆಂದು ಬಟ್ಟೆ ಒಗೆಯುವ ಕ್ರಮವನ್ನು ಪುಸ್ತಕ ಓದಿ ಕಲಿತರು. ತಾವೇ ಗಂಜಿ ಹಾಕಿ ಇಸ್ತ್ರಿ ಮಾಡಿದ ಮೊದಲ ಕೊರಳಪಟ್ಟಿಯನ್ನು ಧರಿಸಿ ನ್ಯಾಯಾಲಯಕ್ಕೆ ಹೋದಾಗ, ಹೆಚ್ಚಾಗಿದ್ದ ಗಂಜಿ ಉದುರತೊಡಗಿ ಸಹೋದ್ಯೋಗಿಗಳು ನಕ್ಕರು. ಪ್ರಿಟೋರಿಯಾದಲ್ಲಿ ಬಿಳಿಯ ಕ್ಷೌರಿಕನೊಬ್ಬನು ಅವರ ತಲೆಗೂದಲು ಕತ್ತರಿಸಲು ನಿರಾಕರಿಸಿದಾಗ, ಕತ್ತರಿ ಕೊಂಡು ಕನ್ನಡಿಯ ಮುಂದೆ ನಿಂತು ತಾವೇ ಕತ್ತರಿಸಿಕೊಂಡರು. ಮುಂಭಾಗ ಹೇಗೋ ಸರಿಹೋಯಿತು. ಹಿಂಭಾಗ ಇಲಿ ಕಡಿದಂತಾಯಿತು. ಮತ್ತೆ ನಗೆಪಾಟಲು. ಆದರೆ ಆ ನಗೆಗೆ ಅವರು ಅಳುಕಲಿಲ್ಲ. ಮುಂದೆ ಅವರು ಕಲಿತ ಎಲ್ಲ ವಿದ್ಯೆಗಳಿಗೂ ಈ ಅಳುಕದ ಗುಣವೇ ತಳಹದಿಯಾಯಿತು.

1904ರಲ್ಲಿ ಡರ್ಬನ್ನಿನ ಬಳಿ ಫೀನಿಕ್ಸ್ ಆಶ್ರಮ ಸ್ಥಾಪನೆಯಾಗಿ, ಇಂಡಿಯನ್ ಒಪಿನಿಯನ್ ಪತ್ರಿಕೆಯ ಮುದ್ರಣಾಲಯವೂ ಅಲ್ಲಿಗೆ ಬಂದಿತು. ಮೊದಲ ಸಂಚಿಕೆಯ ರಾತ್ರಿಯೇ ಎಣ್ಣೆಯ ಎಂಜಿನ್ನು ಮುಷ್ಕರ ಹೂಡಿದ್ದರಿಂದ ಆಶ್ರಮವಾಸಿಗಳು ಸರದಿಯಂತೆ ಕೈಚಕ್ರವನ್ನು ತಿರುಗಿಸಿ ಪತ್ರಿಕೆಯನ್ನು ಅಚ್ಚು ಮಾಡಬೇಕಾಯಿತು. ಆಶ್ರಮದ ಪ್ರತಿಯೊಬ್ಬರೂ ಮೊಳೆ ಜೋಡಿಸುವ ಕೆಲಸ ಕಲಿಯಬೇಕೆಂಬ ನಿಯಮವಾಯಿತು. ಗಾಂಧಿಯವರಿಗೆ ಆಗ ಮೂವತ್ತೈದು ವರ್ಷ, ಹೆಸರಾಂತ ನ್ಯಾಯವಾದಿ. ಅವರೂ ಪೆಟ್ಟಿಗೆಯ ಮುಂದೆ ನಿಂತು ಮೊಳೆಗಳನ್ನು ಹೆಕ್ಕಿದರು. ಅವರ ಬಂಧುವಾದ ತರುಣ ಮಗನಲಾಲ್ ಗಾಂಧಿ ಅತ್ಯಲ್ಪ ಕಾಲದಲ್ಲಿ ಎಲ್ಲರನ್ನೂ ಮೀರಿಸಿದರು. ಗಾಂಧಿಯವರು ಮಾತ್ರ ಕೊನೆಯವರೆಗೂ ದಡ್ಡ ವಿದ್ಯಾರ್ಥಿಯಾಗಿಯೇ ಉಳಿದರು. ಈ ಸಂಗತಿಯನ್ನು ಅವರು ತಮ್ಮ ಆತ್ಮಕಥೆಯಲ್ಲಿ ಯಾವ ಸಂಕೋಚವೂ ಇಲ್ಲದೆ ದಾಖಲಿಸಿದ್ದಾರೆ. 1910ರಲ್ಲಿ ಟಾಲ್‌ಸ್ಟಾಯ್ ಕ್ಷೇತ್ರ ಪ್ರಾರಂಭವಾದ ಮೇಲೆ ಅವರ ಮಿತ್ರ ಕಾಲೆನ್‌ಬಾಕ್ ಕ್ರೈಸ್ತ ಸಂನ್ಯಾಸಿಗಳ ಮಠವೊಂದಕ್ಕೆ ಹೋಗಿ ಪಾದರಕ್ಷೆ ಹೊಲಿಯುವುದನ್ನು ಕಲಿತು ಬಂದರು. ನಲವತ್ತು ದಾಟಿದ ಗಾಂಧಿಯವರು ಮಿತ್ರನ ಶಿಷ್ಯರಾಗಿ ಆ ಕಸುಬನ್ನು ಕಲಿತರು. ಅವರ ಕೈಕೆಲಸದ ಒಂದು ಜೊತೆ ಪಾದರಕ್ಷೆ ಅವರ ಪ್ರತಿಕಕ್ಷಿಯಾಗಿದ್ದ ಜನರಲ್ ಸ್ಮಟ್ಸರಿಗೆ 1914ರಲ್ಲಿ ಕಾಣಿಕೆಯಾಗಿ ಸಂದಿತು.

ಇಷ್ಟಾದರೂ ಗಾದೆಯ ಮಾತು ಅವರ ವಿಷಯದಲ್ಲಿ ಒಂದೆಡೆ ನಿಜವಾಯಿತು. ಕೈಬರಹ ಚೆನ್ನಾಗಿರುವುದು ವಿದ್ಯೆಯ ಅಂಗವಲ್ಲವೆಂಬ ತಪ್ಪು ಭಾವನೆ ಬಾಲ್ಯದಲ್ಲಿ ಅವರಿಗೆ ಹೇಗೋ ಬಂದಿತ್ತು. ದಕ್ಷಿಣ ಆಫ್ರಿಕಾದ ವಕೀಲರ, ತರುಣರ ಮುತ್ತಿನಂಥ ಅಕ್ಷರಗಳನ್ನು ಕಂಡಾಗ ಅವರು ನಾಚಿ, ತಮ್ಮ ಬರಹವನ್ನು ತಿದ್ದಿಕೊಳ್ಳಲು ಯತ್ನಿಸಿದರು. ಆದರೆ ಕಾಲ ಮಿಂಚಿತ್ತು. ಬಾಲ್ಯದ ಉಪೇಕ್ಷೆಯನ್ನು ಪ್ರೌಢಾವಸ್ಥೆಯ ಶ್ರಮವು ತುಂಬಿಕೊಡಲಿಲ್ಲ. ವಿದ್ಯಾರ್ಥಿಗಳು ಈ ಭಾಗವನ್ನೂ ಮರೆಯತಕ್ಕುದಲ್ಲ.

ಅವರ ಇಳಿವಯಸ್ಸಿನ ಕಲಿಕೆಗಳಲ್ಲಿ ಮುಖ್ಯವಾದದ್ದು ಚರಕದ ವಿದ್ಯೆ. 1909ರಲ್ಲಿ ಹಿಂದ್ ಸ್ವರಾಜ್ ಗ್ರಂಥವನ್ನು ರಚಿಸುವಾಗ ದೇಶದ ದಾರಿದ್ರ್ಯಕ್ಕೆ ಕೈಕಸುಬೇ ಮದ್ದೆಂದು ಅವರು ನಿರ್ಧರಿಸಿದ್ದರು. ಆದರೆ ಆಗ ಅವರು ಚರಕವನ್ನು ಕಣ್ಣಿನಿಂದ ಕಂಡವರಲ್ಲ. ಮಗ್ಗಕ್ಕೂ ಚರಕಕ್ಕೂ ಇರುವ ಭೇದವೂ ಅವರಿಗೆ ತಿಳಿದಿರಲಿಲ್ಲ. 1915ರಲ್ಲಿ ಭಾರತಕ್ಕೆ ಮರಳಿ ಅಹಮದಾಬಾದಿನಲ್ಲಿ ಆಶ್ರಮ ಸ್ಥಾಪಿಸಿದಾಗಲೂ ಅಲ್ಲಿ ಹೂಡಿದ್ದು ಮಗ್ಗಗಳನ್ನು ಮಾತ್ರ. ನೂಲು ಗಿರಣಿಯಿಂದ ಬರಬೇಕಾಗಿತ್ತು. ನೂಲುವುದನ್ನು ಕಲಿಸುವ ಗುರುವಿಗಾಗಿ ಅವರು ಹುಡುಕದ ಕಡೆಯಿಲ್ಲ. ಕೊನೆಗೆ ಗಂಗಾಬೆನ್ ಮಜುಮದಾರ್ ಎಂಬ ಸಾಹಸಿ ಮಹಿಳೆ ಗುಜರಾತಿನಲ್ಲಿ ಅಲೆದಾಡಿ, ಬರೋಡಾ ಸಂಸ್ಥಾನದ ವಿಜಾಪುರದಲ್ಲಿ ಚರಕವನ್ನು ಪತ್ತೆಹಚ್ಚಿದರು. ಅಲ್ಲಿಯ ಮನೆಗಳ ಅಟ್ಟದ ಮೇಲೆ ಚರಕಗಳು ಕೆಲಸಕ್ಕೆ ಬಾರದ ಸಾಮಾನುಗಳಾಗಿ ಬಿದ್ದಿದ್ದವು. ಹಂಜಿ ಒದಗಿಸಿ ನೂಲನ್ನು ಕೊಳ್ಳುವವರಿದ್ದರೆ ಮತ್ತೆ ನೂಲಲು ಆ ಮನೆಯವರು ಸಿದ್ಧರಾಗಿದ್ದರು.

1918ರಲ್ಲಿ ಗಾಂಧಿಯವರು ಭೇದಿಯ ಬೇನೆಗೆ ತುತ್ತಾಗಿ ಮರಣದ ಅಂಚಿನವರೆಗೆ ಹೋಗಿಬಂದರು. ಮುಂದೆ ಮುಂಬಯಿಯಲ್ಲಿ ಚೇತರಿಸಿಕೊಳ್ಳುತ್ತಿದ್ದಾಗ ಅವರ ಕೋಣೆಯಲ್ಲಿಯೇ ಚರಕ ತಿರುಗತೊಡಗಿತು. ವಯಸ್ಸು ಐವತ್ತರ ಹೊಸ್ತಿಲು. ನೂಲುವ ಕೆಲಸ ನೋಡುವುದಕ್ಕೆ ಸುಲಭ; ಮಾಡುವವರಿಗೆ ಗೊತ್ತು ಅದರ ಕಷ್ಟ. ಬಲಗೈ ಚಕ್ರವನ್ನು ಒಂದೇ ವೇಗದಲ್ಲಿ ತಿರುಗಿಸುತ್ತಿರಬೇಕು. ಎಡಗೈ ಅದಕ್ಕೆ ಸರಿಯಾಗಿ ಹಂಜಿಯಿಂದ ಎಳೆಯನ್ನು ಸೆಳೆಯುತ್ತಿರಬೇಕು. ಕೈ ಬಿಗಿಯಾದರೆ ಎಳೆ ಕಡಿಯುತ್ತದೆ, ಸಡಿಲವಾದರೆ ಗಂಟಾಗುತ್ತದೆ, ಕದಿರು ಸ್ವಲ್ಪ ಸೊಟ್ಟಗಾದರೂ ನೂಲು ನಿಲ್ಲದು. ಸಾವಿರಾರು ಜನರ ಸಭೆಯನ್ನು ಒಲಿಸಬಲ್ಲ ನಾಯಕನ ಕೀರ್ತಿಗೆ ಕದಿರು ತಲೆಬಾಗುವುದಿಲ್ಲ. ಅವರು ತಾಳ್ಮೆಯಿಂದ ಕಲಿತರು. ಚರಕದ ಝೇಂಕಾರವೇ ತಮ್ಮ ಆರೋಗ್ಯವನ್ನು ಮರಳಿಸಲು ನೆರವಾಯಿತೆಂದು ನಂಬಿದರು. ಗಿರಣಿಯಿಂದ ಹಂಜಿ ತರುವುದು ಸರಿಯಲ್ಲವೆಂದು ತೋರಿದಾಗ ಹತ್ತಿ ಹಿಂಜಿ ಹಂಜಿ ಮಾಡುವ ವ್ಯವಸ್ಥೆಯೂ ಆಯಿತು.

ಈ ಕಲಿಕೆಯ ಹಿಂದೆ ಗಹನವಾದ ಉದ್ದೇಶವೊಂದಿತ್ತು. ದೇಶದ ಕೋಟ್ಯಂತರ ಬಡವರಿಗೆ ನೂಲಿರೆಂದು ಹೇಳುವವನು ತಾನೇ ನೂಲಲರಿಯದಿದ್ದರೆ ಆ ಮಾತಿಗೆ ಬೆಲೆ ಎಲ್ಲಿಯದು? 1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ನಡೆದ ಕಾಂಗ್ರೆಸ್ ಅಧಿವೇಶನಕ್ಕೆ ಅವರು ಅಧ್ಯಕ್ಷರಾದರು. ಅವರು ಆ ಪೀಠವನ್ನು ಅಲಂಕರಿಸಿದ್ದು ಅದೊಂದೇ ಬಾರಿ. ಸದಸ್ಯರಾಗಬೇಕಾದವರು ತಿಂಗಳಿಗೆ 2000 ಗಜ ನೂಲನ್ನು ಸಲ್ಲಿಸಬೇಕೆಂಬ ನಿಯಮ ಅಲ್ಲಿ ಅಂಗೀಕೃತವಾಯಿತು. ಆದರೆ ಭಾಷಣಕ್ಕೆ ಮುಂದಾದ ಕೈಗಳೆಲ್ಲ ಚರಕಕ್ಕೆ ಮುಂದಾಗಲಿಲ್ಲ. ಮರುವರ್ಷವೇ ಆ ನಿಯಮವನ್ನು ಸಡಿಲಿಸಬೇಕಾಯಿತು. ಇತರರು ಕೈಬಿಟ್ಟರೆಂದು ಗಾಂಧಿಯವರು ಕೈಬಿಡಲಿಲ್ಲ. ದಿನದ ನೂಲು ಅವರಿಗೆ ದಿನದ ಪ್ರಾರ್ಥನೆಯಷ್ಟೇ ನಿಯತವಾಯಿತು.

1927ರಲ್ಲಿ ಅನಾರೋಗ್ಯದಿಂದ ಅವರು ನಂದಿಬೆಟ್ಟದಲ್ಲಿಯೂ ಬೆಂಗಳೂರಿನಲ್ಲಿಯೂ ವಿಶ್ರಾಂತಿ ಪಡೆದರು. ಆ ವಿಶ್ರಾಂತಿಯ ಕಾಲದಲ್ಲಿಯೇ ಬೆಂಗಳೂರಿನ ಸರ್ಕಾರಿ ಹೈನುಗಾರಿಕೆ ಸಂಸ್ಥೆಗೆ ಹೋಗಿ, ಹಸುಗಳ ಪಾಲನೆಯ ಶಾಸ್ತ್ರೀಯ ಕ್ರಮವನ್ನು ತಜ್ಞರಿಂದ ಕೇಳಿ ತಿಳಿದರು. ಅಲ್ಲಿಯ ಸಂದರ್ಶಕರ ಪುಸ್ತಕದಲ್ಲಿ ತಮ್ಮನ್ನು ಸಾಬರಮತಿಯ ರೈತನೆಂದು ನಮೂದಿಸಿದರು. 1932ರಲ್ಲಿ ಯರವಡಾ ಸೆರೆಮನೆಯಲ್ಲಿದ್ದಾಗ ಮೊಣಕೈ ನೋವು ಕಾಡಿದ್ದರಿಂದ ಹಳೆಯ ರೀತಿಯಲ್ಲಿ ನೂಲುವುದು ದುಸ್ತರವಾಯಿತು. ಅರವತ್ತೆರಡರ ವೃದ್ಧರು ಕಾಲಿನಿಂದ ತಿರುಗಿಸುವ ಮಗನ್ ಚರಕವನ್ನು ತರಿಸಿಕೊಂಡು ಹೊಸದಾಗಿ ಅಭ್ಯಾಸಕ್ಕೆ ತೊಡಗಿದರು. ಫೀನಿಕ್ಸಿನಲ್ಲಿ ಅವರನ್ನು ಮೀರಿಸಿ 1928ರಲ್ಲಿ ತೀರಿಕೊಂಡ ಮಗನಲಾಲರ ಹೆಸರು ಆ ಯಂತ್ರಕ್ಕಿತ್ತು. ಅದೇ ಸೆರೆಮನೆಯಲ್ಲಿ ದೂರದರ್ಶಕ ಯಂತ್ರದ ಮೂಲಕ ನಕ್ಷತ್ರಗಳ ಪರಿಚಯವನ್ನೂ ಮಾಡಿಕೊಂಡರು. ಜೊತೆಯಲ್ಲಿದ್ದ ಸರದಾರ ವಲ್ಲಭಭಾಯಿ ಪಟೇಲರು ಐವತ್ತಾರು ದಾಟಿದ ಮೇಲೆ ಸಂಸ್ಕೃತದ ಪ್ರಥಮ ಪಾಠವನ್ನು ಹಿಡಿದದ್ದೂ ಅಲ್ಲಿಯೇ.

ಯಂತ್ರಗಳ ವಿಷಯದಲ್ಲಿ ಗಾಂಧಿಯವರಿಗೆ ಕುರುಡು ದ್ವೇಷವಿರಲಿಲ್ಲ. ಚರಕವೂ ಒಂದು ಯಂತ್ರವೇ ಎಂದು ಅವರು ಬಲ್ಲರು. ಅದನ್ನು ಸುಧಾರಿಸುವವರಿಗೆ 1929ರಲ್ಲಿ ಒಂದು ಲಕ್ಷ ರೂಪಾಯಿ ಬಹುಮಾನ ಸಾರಲಾಗಿತ್ತು. ಆದರೆ ರೇಡಿಯೋ ಅವರಿಗೆ ಅಷ್ಟಾಗಿ ರುಚಿಸಿದ ಸಾಧನವಲ್ಲ. 1947ರಲ್ಲಿ ದೇಶವಿಭಜನೆಯಿಂದ ಮನೆಮಠ ಕಳೆದುಕೊಂಡ ಲಕ್ಷಾಂತರ ನಿರಾಶ್ರಿತರು ಕುರುಕ್ಷೇತ್ರದ ಶಿಬಿರದಲ್ಲಿದ್ದರು. ಅವರನ್ನು ಕಾಣಲು ಹೋಗುವುದು ಸಾಧ್ಯವಾಗದೆ, ನವೆಂಬರ್ 12ರ ದೀಪಾವಳಿಯ ದಿನ ಗಾಂಧಿಯವರು ದೆಹಲಿಯ ಆಕಾಶವಾಣಿ ಭವನಕ್ಕೆ ಹೋದರು. ಎದುರಿಗೆ ಒಂದು ಮುಖವೂ ಕಾಣದ ಕೋಣೆಯಲ್ಲಿ ಕುಳಿತು ಮಾತನಾಡುವುದು ಅವರಿಗೆ ಹೊಸತು. ಆರಂಭದಲ್ಲಿ ಅಳುಕು ತೋರಿತಾದರೂ, ಅಲ್ಲಿಂದ ಹೊರಡುವಾಗ ಆ ಸಾಧನದಲ್ಲಿ ಈಶ್ವರನ ಅದ್ಭುತ ಶಕ್ತಿಯನ್ನೇ ಕಂಡೆನೆಂಬ ಭಾವ ಅವರದಾಗಿತ್ತು. ದುಃಖಿತರನ್ನು ತಲುಪಲು ಬೇರೆ ದಾರಿಯಿಲ್ಲದಾಗ ಎಪ್ಪತ್ತೆಂಟರಲ್ಲಿ ಆ ಹೊಸ ದಾರಿಗೂ ಅವರು ಒಗ್ಗಿಕೊಂಡರು.

ಅದಕ್ಕೆ ಒಂದು ವರ್ಷ ಹಿಂದೆ, ಕೋಮುಗಲಭೆಯಿಂದ ಬೆಂದಿದ್ದ ನೌಖಾಲಿಯ ಹಳ್ಳಿಗಳಲ್ಲಿ ಕಾಲ್ನಡಿಗೆಯಿಂದ ಸಂಚರಿಸುವಾಗ, ಅಲ್ಲಿಯ ಜನರ ಭಾಷೆಯನ್ನು ತಿಳಿಯದೆ ಅವರ ಕಣ್ಣೀರನ್ನು ಒರೆಸಲಾಗದೆಂದು ಬಂಗಾಳಿಯ ಅಕ್ಷರಾಭ್ಯಾಸವನ್ನು ಹಿಡಿದಿದ್ದರು. ಎಷ್ಟೇ ಕಾರ್ಯಬಾಹುಳ್ಯವಿದ್ದರೂ ಆ ಪಾಠವನ್ನು ತಪ್ಪಿಸುತ್ತಿರಲಿಲ್ಲ. ಅದರಲ್ಲಿ ಅವರು ಪಂಡಿತರಾಗಲಿಲ್ಲ. ಆಗುವಷ್ಟು ಆಯುಷ್ಯವೂ ಉಳಿದಿರಲಿಲ್ಲ. 1948ನೆಯ ಜನವರಿ 30ರ ಬೆಳಿಗ್ಗೆಯೂ, ಒಂದು ಕಾಲದಲ್ಲಿ ತನ್ನ ಬರಹಕ್ಕೆ ತಾನೇ ನಾಚಿದ್ದ ಆ ಕೈ ಬಂಗಾಳಿ ಅಕ್ಷರಗಳನ್ನು ತಿದ್ದಿತು. ಅಂದು ಸಂಜೆ ಪ್ರಾರ್ಥನಾ ಸಭೆಗೆ ನಡೆದು ಹೋಗುತ್ತಿರುವಾಗ ಅವರು ಗುಂಡೇಟಿಗೆ ಬಲಿಯಾದರು. ಮರುದಿನದ ಪಾಠವೊಂದು ಬಾಕಿ ಉಳಿಯಿತು.