ಬಡವರ ಬ್ಯಾಂಕಿಗೆ ದಾರಿ ತೋರಿದ ರೈಫೈಸನ್

ನಮ್ಮ ಕಾಸರಗೋಡಿನ ಹಳ್ಳಿಗಳಲ್ಲಿ ಸಹಕಾರಿ ಸಂಘದ ಮೆಟ್ಟಿಲು ಹತ್ತದ ರೈತರು ವಿರಳ. ತೋಟಕ್ಕೆ ಗೊಬ್ಬರ ಹಾಕಲು, ಬಾವಿಗೆ ಪಂಪು ಕೂರಿಸಲು ಹಣ ಸಾಲದೆ ಬಂದಾಗ ಹಿರಿಯರು ನೆನೆಯುವುದು ಸೊಸೈಟಿಯನ್ನೇ. ಹಳ್ಳಿಯ ಬಡ ರೈತರು ಒಟ್ಟುಗೂಡಿ ತಮ್ಮದೇ ಸಾಲದ ಸಂಘವನ್ನು ಕಟ್ಟಿಕೊಳ್ಳಬಹುದೆಂದು ಜಗತ್ತಿಗೆ ತೋರಿಸಿಕೊಟ್ಟವರಲ್ಲಿ ಅಗ್ರಗಣ್ಯರು ಜರ್ಮನಿಯ ಫ್ರೀಡ್ರಿಕ್ ವಿಲ್ಹೆಲ್ಮ್ ರೈಫೈಸನ್. ಇಂತಹ ಮಹನೀಯರ ಜೀವನವನ್ನು ನಾವು ತಿಳಿದುಕೊಳ್ಳುವುದು ಅವಶ್ಯವಾಗಿದೆ.

ರೈಫೈಸನ್ನರು 1818ನೆಯ ಇಸವಿ ಮಾರ್ಚ್ 30ರಂದು ಸೀಗ್ ನದಿಯ ತೀರದ ಹಾಮ್ ಎಂಬ ಊರಿನಲ್ಲಿ, ಒಂಬತ್ತು ಮಕ್ಕಳಲ್ಲಿ ಏಳನೆಯವರಾಗಿ ಜನಿಸಿದರು. ಬಾಲ್ಯದಲ್ಲಿಯೇ ತಂದೆಯ ಆಸರೆ ತಪ್ಪಿತು. ತಾಯಿಯೇ ಸಂಸಾರದ ನೊಗವನ್ನು ಹೊತ್ತರು. ಉನ್ನತ ವಿದ್ಯಾಭ್ಯಾಸಕ್ಕೆ ಅನುಕೂಲವಿರಲಿಲ್ಲ. ಊರಿನ ಪಾದ್ರಿಗಳೇ ಅವರಿಗೆ ಪಾಠ ಹೇಳಿದರು. ಹದಿನೇಳನೆಯ ವಯಸ್ಸಿನಲ್ಲಿ ಅವರು ಫಿರಂಗಿ ದಳವನ್ನು ಸೇರಿದರು. ಆದರೆ ಕಣ್ಣಿನ ಬೇನೆ ಕಾಡತೊಡಗಿ 1843ರಲ್ಲಿ ಸೈನ್ಯವನ್ನು ಬಿಡಬೇಕಾಯಿತು. ಬಳಿಕ ಸರಕಾರಿ ಕಚೇರಿಯ ಕೆಲಸ ಕಲಿತು, 1845ರಲ್ಲಿ ವೈಯರ್‌ಬುಶ್ ಎಂಬ ಗ್ರಾಮ ಸಮೂಹದ ಮುಖ್ಯಾಧಿಕಾರಿಯಾದರು.

ಅದು ಬಂಜರು ಭೂಮಿಯ, ಕಡುಚಳಿಯ ಗುಡ್ಡಗಾಡು. 1846ರಲ್ಲಿ ಬೆಳೆ ಕೈಕೊಟ್ಟಿತು. ಚಳಿಗಾಲ ಬರುವಷ್ಟರಲ್ಲಿ ಮನೆಮನೆಯಲ್ಲಿಯೂ ಹಸಿವು ಕಾಲಿಟ್ಟಿತು. ಸರಕಾರವು ಧಾನ್ಯವನ್ನೇನೋ ಕಳುಹಿಸಿತು. ಆದರೆ ನಗದು ಕೊಟ್ಟವರಿಗೆ ಮಾತ್ರ ಹಂಚಬೇಕೆಂದು ಕಟ್ಟಪ್ಪಣೆಯಾಯಿತು. ಹಸಿದವರ ಕೈಯಲ್ಲಿ ನಗದೆಲ್ಲಿಂದ ಬರಬೇಕು? ಇಪ್ಪತ್ತೆಂಟರ ಆ ಅಧಿಕಾರಿ ತಮ್ಮ ಹೊಣೆಯ ಮೇಲೆ ಬಡವರಿಗೆ ಕಡವಾಗಿ ಹಂಚಿದರು. ಅನುಕೂಲವಂತರಿಂದ ಹಣ ಕೂಡಿಸಿ, ಊರಿಗೊಂದು ಸಾಮೂಹಿಕ ಒಲೆ ಕಟ್ಟಿಸಿ, ರೊಟ್ಟಿ ಸುಡಿಸಿ, ಪೇಟೆಗಿಂತ ಬಹಳ ಕಡಿಮೆ ಬೆಲೆಗೆ ಒದಗಿಸಿದರು. ನೌಕರಿಗೇ ಕುತ್ತು ಬರಬಹುದಾದ ಈ ಸಾಹಸದಿಂದ ಅನೇಕ ಕುಟುಂಬಗಳು ಉಳಿದುಕೊಂಡವು.

ಹಸಿವಿನ ಹಿಂದೆ ಇನ್ನೊಂದು ಶತ್ರುವಿದ್ದುದನ್ನು ಅವರು ಕಂಡರು. ಅದುವೇ ಸಾಲ. ಹಸು ಕೊಳ್ಳಲು ಸಾಲ ಮಾಡಿದ ರೈತ ಬಡ್ಡಿ ಕಟ್ಟಲಾರದೆ ಹಸುವನ್ನೂ ಹೊಲವನ್ನೂ ಕಳೆದುಕೊಳ್ಳುತ್ತಿದ್ದನು. ಫ್ಲಾಮರ್ಸ್‌ಫೆಲ್ಡಿಗೆ ವರ್ಗವಾದ ಮೇಲೆ, 1849ರಲ್ಲಿ, ರೈಫೈಸನ್ನರು ಸುಮಾರು ಅರವತ್ತು ಮಂದಿ ಸ್ಥಿತಿವಂತರನ್ನು ಒಟ್ಟುಗೂಡಿಸಿದರು. ಅವರೆಲ್ಲರೂ ಜಾಮೀನು ನಿಂತು ಹಣ ತಂದರು. ಬಡವರು ಹಸು ಕೊಂಡು ಐದು ವರ್ಷಗಳಲ್ಲಿ ತೀರಿಸುವಂತಾಯಿತು. 1854ರಲ್ಲಿ ಹೆಡ್ಡೆಸ್‌ಡಾರ್ಫಿನಲ್ಲಿಯೂ ಇಂಥದೇ ಒಂದು ಧರ್ಮಸಂಘವನ್ನು ಸ್ಥಾಪಿಸಿದರು. ನಿರ್ಗತಿಕ ಮಕ್ಕಳ ಪಾಲನೆ, ಸೆರೆಯಿಂದ ಬಿಡುಗಡೆಯಾದವರಿಗೆ ಕೆಲಸ, ಗ್ರಂಥಾಲಯ ಇವೆಲ್ಲವೂ ಅದರ ಉದ್ದೇಶಗಳಾಗಿದ್ದುವು.

ಆದರೆ ಪರರ ದಯೆಯ ಮೇಲೆ ನಿಂತ ಕಟ್ಟಡ ಬಹುಕಾಲ ಬಾಳುವುದಿಲ್ಲ. ಧನಿಕರ ಉತ್ಸಾಹ ಕ್ರಮೇಣ ತಣ್ಣಗಾಯಿತು. ತಮಗೆ ಸಾಲ ಬೇಡವಾದಾಗ ಇತರರ ಸಾಲಕ್ಕೆ ತಲೆಕೊಡುವುದೇಕೆಂದು ಅವರು ಹಿಂಜರಿದರು. ರೈಫೈಸನ್ನರು ದಾನಧರ್ಮದಲ್ಲಿ ದೃಢವಾದ ನಂಬಿಕೆಯುಳ್ಳವರು. ಆ ನಂಬಿಕೆಗೆ ಇದೊಂದು ಪೆಟ್ಟೇ ಆಗಿತ್ತು. ಆದರೂ ಅವರು ಛಲ ಹಿಡಿದು ಕುಳಿತುಕೊಳ್ಳಲಿಲ್ಲ. 1864ರಲ್ಲಿ ಹಳೆಯ ಸಂಘದ ಬದಲಿಗೆ ಸಾಲದ ಸಂಘವನ್ನು ಕಟ್ಟಿದರು. ಇನ್ನು ಮುಂದೆ ಸಾಲ ಪಡೆಯುವವನು ಸದಸ್ಯನೂ ಆಗಿರಬೇಕು ಎಂಬುದೇ ಅದರ ತಿರುಳು. ನಿನ್ನೆಯವರೆಗೆ ಕೈಯೊಡ್ಡಿ ನಿಂತಿದ್ದವನು ಇಂದು ಸಂಘದ ಒಡೆಯರಲ್ಲಿ ಒಬ್ಬನಾದನು!

ಈ ಸಂಘಗಳು ನಡೆಯುತ್ತಿದ್ದ ಬಗೆಯನ್ನು ನಾವು ಗಮನಿಸಬೇಕು. ಪ್ರತಿಯೊಂದರ ವ್ಯಾಪ್ತಿಯೂ ಚಿಕ್ಕದು. ಎಲ್ಲರೂ ಎಲ್ಲರನ್ನೂ ಬಲ್ಲವರು. ಯಾರು ದುಡಿಯುವವರು, ಯಾರು ಸೋಮಾರಿಗಳು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಆಡಳಿತ ನಡೆಸುವವರಿಗೆ ಸಂಬಳವಿಲ್ಲ. ಲೆಕ್ಕಪತ್ರ ಬರೆಯುವವರಿಗೆ ಮಾತ್ರ ಪ್ರತಿಫಲ. ಲಾಭವನ್ನು ಹಂಚಿಕೊಳ್ಳದೆ ಕಾದಿಟ್ಟ ನಿಧಿಗೆ ಸೇರಿಸುತ್ತಿದ್ದರು. ಒಬ್ಬನು ಸಾಲ ತೀರಿಸದಿದ್ದರೆ ಎಲ್ಲರ ಆಸ್ತಿಗೂ ಅಪಾಯ. ಆದುದರಿಂದ ಸಾಲ ಯಾವ ಕೆಲಸಕ್ಕೆ ಎಂದು ವಿಚಾರಿಸಿಯೇ ಕೊಡುತ್ತಿದ್ದರು.

ರೈಫೈಸನ್ನರ ಸ್ವಂತ ಬದುಕು ಸುಖದ್ದಾಗಿರಲಿಲ್ಲ. 1863ರಲ್ಲಿ ಪತ್ನಿ ಎಮಿಲಿ ತೀರಿಕೊಂಡರು. ದೃಷ್ಟಿ ಮಂದವಾಗುತ್ತ ಬಂದು, 1865ರಲ್ಲಿ, 47ನೆಯ ವಯಸ್ಸಿನಲ್ಲಿ, ನೌಕರಿಯಿಂದ ನಿವೃತ್ತರಾದರು. ಹೊಟ್ಟೆಪಾಡಿಗೆ ಚುಟ್ಟಾ ತಯಾರಿಕೆ, ದ್ರಾಕ್ಷಾರಸದ ವ್ಯಾಪಾರಗಳನ್ನು ನಡೆಸಿದರು. ಮಗಳು ಅಮಾಲಿಯೇ ತಂದೆಗೆ ಕಣ್ಣಾಗಿ ಓದುಬರಹಗಳಲ್ಲಿ ನೆರವಾದಳು. 1866ರಲ್ಲಿ ಸಾಲದ ಸಂಘಗಳನ್ನು ಕುರಿತ ಅವರ ಗ್ರಂಥ ಪ್ರಕಟವಾಯಿತು. 1872ರಲ್ಲಿ ಚಿಕ್ಕ ಸಂಘಗಳಿಗೆ ಬೆನ್ನೆಲುಬಾಗಿ ನಾಯ್‌ವೀಡಿನಲ್ಲಿ ಕೇಂದ್ರ ಬ್ಯಾಂಕು ಸ್ಥಾಪನೆಯಾಯಿತು. ಅವರ ಬರಹಗಳಲ್ಲಿ ಯಹೂದಿ ಜನರ ಬಗ್ಗೆ ಕಾಣುವ ಪೂರ್ವಾಗ್ರಹವನ್ನು ಮಾತ್ರ ನಾವು ಒಪ್ಪಲಾರೆವು. ಹಿರಿಯರಿಂದ ಗುಣವನ್ನಷ್ಟೇ ಸ್ವೀಕರಿಸುವುದು ವಿವೇಕ. 1888ರ ಮಾರ್ಚ್ 11ರಂದು ಅವರು ಇಹಲೋಕವನ್ನು ತ್ಯಜಿಸಿದರು.

ಅವರು ಹಚ್ಚಿದ ದೀಪ ಕಡಲು ದಾಟಿ ನಮ್ಮ ನಾಡಿಗೂ ಬಂದಿತು. ಮದರಾಸು ಸರಕಾರದ ಅಪ್ಪಣೆಯಂತೆ ಫ್ರೆಡರಿಕ್ ನಿಕೊಲ್ಸನ್ ಎಂಬ ಅಧಿಕಾರಿ ಯೂರೋಪಿನ ಸಾಲದ ಸಂಘಗಳನ್ನು ಅಭ್ಯಾಸ ಮಾಡಿ, 1895 ಮತ್ತು 1897ರಲ್ಲಿ ಎರಡು ಸಂಪುಟಗಳ ವರದಿಯನ್ನೊಪ್ಪಿಸಿದರು. ರೈಫೈಸನ್ನರ ಮಾರ್ಗವೇ ನಮ್ಮ ಹಳ್ಳಿಗಳಿಗೆ ತಕ್ಕುದೆಂದು ಅವರು ಕಂಡುಕೊಂಡರು. ಆಗ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯೊಡನೆ ಮದರಾಸು ಪ್ರಾಂತಕ್ಕೇ ಸೇರಿತ್ತು. 1904ರಲ್ಲಿ ಸಹಕಾರ ಕಾಯಿದೆ ಜಾರಿಗೆ ಬಂದಿತು. ಮರುವರ್ಷ, 1905ರಲ್ಲಿ, ಗದಗದ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳುತನದಲ್ಲಿ ಆ ಕಾಯಿದೆಯ ಮೊದಮೊದಲ ಕೃಷಿ ಪತ್ತಿನ ಸಂಘಗಳಲ್ಲೊಂದು ಹುಟ್ಟಿತೆಂಬುದು ಕನ್ನಡಿಗರಾದ ನಮಗೆಲ್ಲ ಹೆಮ್ಮೆಯ ಸಂಗತಿ.

ವ್ಯಾಪಾರದ ಶಿಸ್ತಿನಿಂದ ನಡೆದು, ಬಂದ ಲಾಭವನ್ನು ಜನಹಿತಕ್ಕೇ ತೊಡಗಿಸುವ ಸಂಸ್ಥೆಗಳನ್ನು ಇಂದು ಸಾಮಾಜಿಕ ಉದ್ಯಮಗಳೆಂದು ಕರೆಯುತ್ತಾರೆ. ಅವು ಅನ್ನಛತ್ರಗಳಲ್ಲ, ಕೇವಲ ಅಂಗಡಿಗಳೂ ಅಲ್ಲ. ರೈಫೈಸನ್ನರ ಸಂಘ ಅವುಗಳ ಹಿರಿಯಣ್ಣ ಎನ್ನಬಹುದು. ಕಾಲ ಕಳೆದಂತೆ ಅದರ ರೂಪವೂ ಬದಲಾಗಿದೆ. ಎಲ್ಲರ ಆಸ್ತಿಯೂ ಹೊಣೆಯಾಗುವ ಕ್ರಮ ಹೋಗಿ, ಪಾಲು ಹಣದ ಮಿತಿ ಬಂದಿದೆ. ಸಂಬಳದ ನೌಕರರು ಬಂದಿದ್ದಾರೆ. ಜರ್ಮನಿ, ಆಸ್ಟ್ರಿಯಾಗಳಲ್ಲಿ ರೈಫೈಸನ್ ಹೆಸರಿನ ಬ್ಯಾಂಕುಗಳು ಹೆಮ್ಮರಗಳಾಗಿ ಬೆಳೆದಿವೆ. ಕೇರಳದಲ್ಲಿ 1998ರಲ್ಲಿ ಆರಂಭವಾದ ಕುಟುಂಬಶ್ರೀಯ ನೆರೆಕೂಟಗಳಲ್ಲಿ ನಮ್ಮ ತಾಯಂದಿರು ವಾರವಾರವೂ ಉಳಿತಾಯ ಕೂಡಿಸಿ ಪರಸ್ಪರ ಸಾಲ ಕೊಡುವುದರಲ್ಲಿಯೂ ಅದೇ ತತ್ತ್ವವಿದೆ.

ರೂಪ ಬದಲಾದರೆ ಕೇಡಿಲ್ಲ, ತಿರುಳು ಕೆಡಬಾರದು. ಸದಸ್ಯರು ಲೆಕ್ಕ ಕೇಳುವುದನ್ನು ಮರೆತು ಬರೇ ಗಿರಾಕಿಗಳಾದರೆ, ಸಂಘ ಕೆಲವರ ಸೊತ್ತಾಗುತ್ತದೆ. ಬಡವನು ಮತ್ತೆ ಕೈಯೊಡ್ಡಿ ನಿಲ್ಲಬೇಕಾಗುತ್ತದೆ. ಆದುದರಿಂದ ಹೆತ್ತವರು ಸಂಘದ ಮಹಾಸಭೆಯನ್ನು ತಪ್ಪಿಸಬಾರದು. ವಿದ್ಯಾರ್ಥಿಗಳು ಮನೆಗೆ ಬರುವ ವಾರ್ಷಿಕ ವರದಿಯನ್ನು ಓದಿ, ಆಯವ್ಯಯವನ್ನು ಹಿರಿಯರಿಗೆ ವಿವರಿಸಿ ಹೇಳಬೇಕು. ಶಾಲೆಯಲ್ಲಿ ಕಲಿತ ಗಣಿತಕ್ಕೆ ಇದಕ್ಕಿಂತ ಒಳ್ಳೆಯ ಪ್ರಯೋಜನ ಇನ್ನೇನಿದೆ?