ಭರಣಿಯಲ್ಲಿ ಕಡಲನ್ನಿಟ್ಟವನು: ಫಿಲಿಪ್ ಹೆನ್ರಿ ಗಾಸ್

ಗಾಜಿನ ತೊಟ್ಟಿಯಲ್ಲಿ ಸಿಹಿನೀರಿನ ಮೀನು ಸಾಕುವವರು ನಮ್ಮಲ್ಲಿ ಅನೇಕರಿದ್ದಾರೆ. ಆದರೆ ಉಪ್ಪುನೀರಿನ ಜೀವಿಗಳನ್ನು, ಅದರಲ್ಲಿಯೂ ಹವಳವನ್ನು, ಕಡಲಿನಿಂದ ದೂರ ತಂದು ಬದುಕಿಸುವುದೆಂದರೆ ಅದು ಹಣವಂತರ ಹವ್ಯಾಸವೆಂದು ನಾವು ಸುಮ್ಮನಾಗುತ್ತೇವೆ. ಈ ಹವ್ಯಾಸಕ್ಕೆ ತಳಹದಿ ಹಾಕಿದವರಲ್ಲಿ ಪ್ರಮುಖನಾದ ಫಿಲಿಪ್ ಹೆನ್ರಿ ಗಾಸನು ಹಣವಂತನಾಗಿರಲಿಲ್ಲ. ಲೇಖನಿಯಿಂದ ಹೊಟ್ಟೆ ಹೊರೆದುಕೊಂಡ ಆತನು, ಅಲ್ಪ ವೆಚ್ಚದಲ್ಲಿ ಕಡಲನ್ನು ಮನೆಯೊಳಗೆ ತರುವ ದಾರಿಯನ್ನು ಸಾಮಾನ್ಯರಿಗೆ ತೋರಿಸಿಕೊಟ್ಟನು. ಆ ದಾರಿಯಲ್ಲಿ ಜನ ನಡೆದ ಬಗೆಯನ್ನು ಕಂಡು ಕೊನೆಗೆ ತಾನೇ ನೊಂದನು. ಆತನ ಬಾಳಿನಿಂದ ನಾವು ಕಲಿಯಬೇಕಾದುದು ಈ ಎರಡರಲ್ಲಿಯೂ ಇದೆ.

ಗಾಸನು 1810ನೆಯ ಇಸವಿ ಏಪ್ರಿಲ್ 6ರಂದು ಇಂಗ್ಲೆಂಡಿನ ವೂಸ್ಟರ್ ಪಟ್ಟಣದಲ್ಲಿ ಹುಟ್ಟಿದನು. ತಂದೆ ಊರೂರು ಅಲೆದು ಸಣ್ಣ ಭಾವಚಿತ್ರಗಳನ್ನು ಬರೆಯುತ್ತಿದ್ದ ಬಡ ಕಲಾವಿದ. ಬಾಲಕನು ಬೆಳೆದುದು ಪೂಲ್ ಎಂಬ ಬಂದರಿನಲ್ಲಿ. ಕಲ್ಲಿಗೆ ಅಂಟಿಕೊಂಡು ಹೂವಿನಂತೆ ಅರಳುವ ಅನಿಮೋನ್ ಎಂಬ ಕಡಲ ಪ್ರಾಣಿಯನ್ನು ಆತನಿಗೆ ಪರಿಚಯಿಸಿದವಳು ಸೋದರತ್ತೆ. ಕುಂಚ ಹಿಡಿಯುವ ಕೈ ತಂದೆಯಿಂದ ಬಂದಿತು. ನೋಡುವ ಕಣ್ಣನ್ನು ತೆರೆಯಿಸಿದವಳು ಅತ್ತೆ.

ಬಡತನದ ದೆಸೆಯಿಂದ 1827ರಲ್ಲಿ, ಹದಿನೇಳರ ಹರೆಯದಲ್ಲಿ, ಆತನು ನ್ಯೂಫೌಂಡ್‌ಲೆಂಡಿಗೆ ಹೋಗಿ ವ್ಯಾಪಾರದ ಕಚೇರಿಯೊಂದರಲ್ಲಿ ಗುಮಾಸ್ತನಾದನು. ಅಲ್ಲಿ ಸೂಕ್ಷ್ಮದರ್ಶಕವನ್ನು ಕುರಿತ ಹಳೆಯ ಪುಸ್ತಕವೊಂದು ಆತನ ಕೈಗೆ ಬಂದಿತು. ಅಂದಿನಿಂದ ಕೀಟಗಳ ಅಧ್ಯಯನ ಆತನ ನಿತ್ಯದ ಕೆಲಸವಾಯಿತು. 1835ರಲ್ಲಿ ಕೆನಡಾದಲ್ಲಿ ಬೇಸಾಯಕ್ಕಿಳಿದು ಸೋತನು. 1838ರಲ್ಲಿ ಅಮೆರಿಕದ ಅಲಬಾಮದಲ್ಲಿ ಕೆಲವು ತಿಂಗಳು ಶಾಲಾಮಾಸ್ತರನಾಗಿದ್ದು, ಮರುವರ್ಷ ಸ್ವದೇಶಕ್ಕೆ ಮರಳಿದನು. ಕೈಯಲ್ಲಿ ಹಣವಿರಲಿಲ್ಲ, ಟಿಪ್ಪಣಿಗಳೂ ಚಿತ್ರಗಳೂ ಇದ್ದವು. ಅವೇ ಆತನ ಬಂಡವಾಳವಾದವು. 1840ರಲ್ಲಿ ಕೆನಡಾದ ಪ್ರಕೃತಿಯನ್ನು ಕುರಿತ ಗ್ರಂಥ ಹೊರಬಂದಿತು. 1844ರಿಂದ 1846ರವರೆಗೆ ಜಮೈಕಾ ದ್ವೀಪದಲ್ಲಿದ್ದು ಅಲ್ಲಿಯ ಪಕ್ಷಿಗಳ ಬಗ್ಗೆ ಬರೆದನು. 1848ರಲ್ಲಿ ಎಮಿಲಿ ಬೋಸ್ ಎಂಬ ಧರ್ಮನಿಷ್ಠ ಲೇಖಕಿಯನ್ನು ವರಿಸಿದನು. ಮರುವರ್ಷ ಮಗ ಎಡ್ಮಂಡ್ ಹುಟ್ಟಿದನು.

ಬಿಡುವಿಲ್ಲದ ದುಡಿಮೆಯಿಂದ ಗಾಸನ ಆರೋಗ್ಯ ಕೆಟ್ಟಿತು. 1852ರಲ್ಲಿ ಸಂಸಾರಸಮೇತನಾಗಿ ಡೆವನ್ ಪ್ರಾಂತದ ಕಡಲತಡಿಗೆ ಹೋದನು. ಇಳಿತದ ಹೊತ್ತಿನಲ್ಲಿ ಬಂಡೆಗಳ ನಡುವೆ ನಿಂತ ನೀರಿನ ಗುಂಡಿಗಳು ಆತನಿಗೆ ಪಾಠಶಾಲೆಗಳಾದವು. ಅಲ್ಲಿಯ ಜೀವಿಗಳನ್ನು ಬದುಕಿರುವಾಗಲೇ ಚಿತ್ರಿಸಬೇಕೆಂಬುದು ಆತನ ಹಂಬಲ. ಆದರೆ ಪಾತ್ರೆಗೆ ತಂದ ಪ್ರಾಣಿಗಳು ಬಹುಬೇಗ ಸಾಯುತ್ತಿದ್ದವು. ನಿಂತ ನೀರಿನಲ್ಲಿ ಆಮ್ಲಜನಕ ತೀರುತ್ತಿತ್ತು. ಪ್ರಾಣಿಗಳ ಹೊಲಸಿನಿಂದ ನೀರು ವಿಷವಾಗುತ್ತಿತ್ತು.

ಈ ತೊಡಕನ್ನು ಬಿಡಿಸಲು ಯತ್ನಿಸಿದವರಲ್ಲಿ ಗಾಸನು ಮೊದಲಿಗನಲ್ಲ. ಆನಾ ಥಿನ್ ಎಂಬಾಕೆ 1846ರಲ್ಲಿ ಕಡಲತಡಿಯಿಂದ ಹವಳದ ಜಾತಿಯ ಜೀವಿಗಳನ್ನು ಲಂಡನ್ನಿಗೆ ತಂದಿದ್ದಳು. ಆಕೆಯ ಮನೆಯ ಕೆಲಸದವಳು ತೆರೆದ ಕಿಟಕಿಯ ಬಳಿ ನಿಂತು ನೀರನ್ನು ಪಾತ್ರೆಯಿಂದ ಪಾತ್ರೆಗೆ ಎತ್ತಿ ಸುರಿದು ಗಾಳಿ ಬೆರೆಸುತ್ತಿದ್ದಳು. ಇತ್ತ ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನಶಾಸ್ತ್ರಜ್ಞನು ಮೀನು, ನೀರುಗಿಡ, ಬಸವನಹುಳು ಈ ಮೂರನ್ನು ಒಟ್ಟಿಗಿಟ್ಟರೆ ನೀರು ಬದಲಿಸಬೇಕಾಗಿಲ್ಲವೆಂದು 1850ರಲ್ಲಿ ತೋರಿಸಿದ್ದನು. ಗಿಡವು ಬೆಳಕಿನಲ್ಲಿ ಆಮ್ಲಜನಕವನ್ನು ಬಿಡುತ್ತದೆ, ಪ್ರಾಣಿ ಅದನ್ನು ಉಸಿರಾಡುತ್ತದೆ, ಕೊಳೆತ ಎಲೆಯನ್ನು ಬಸವನಹುಳು ತಿನ್ನುತ್ತದೆ.

ಗಾಸನು ಇದೇ ತತ್ತ್ವವನ್ನು ಕಡಲನೀರಿನಲ್ಲಿ ಸಾಧಿಸಿ, ಯಾರು ಬೇಕಾದರೂ ಅನುಸರಿಸುವಂತೆ ವಿವರಿಸಿದನು. ಮಿಠಾಯಿ ಅಂಗಡಿಗಳಲ್ಲಿ ಇಡುವಂಥ ಗಾಜಿನ ಭರಣಿಯೇ ಆತನಿಗೆ ಸಾಕಾಯಿತು. 1845ರಲ್ಲಿ ಗಾಜಿನ ಮೇಲಿನ ತೆರಿಗೆ ರದ್ದಾಗಿದ್ದುದರಿಂದ ಗಾಜು ಅಗ್ಗವಾಗಿತ್ತು. ಮೊದಲು ಪಾಚಿ ಬೇರೂರಿದ ಕಲ್ಲಿನ ತುಂಡನ್ನೇ ತಂದಿಡಬೇಕು. ಕಿತ್ತ ಪಾಚಿ ಕೊಳೆತು ನೀರನ್ನು ಕೆಡಿಸುತ್ತದೆ. ಪಾಚಿ ನೆಲೆಗೊಂಡ ಮೇಲೆಯೇ ಪ್ರಾಣಿಗಳನ್ನು ಬಿಡಬೇಕು. ಅವು ಕೆಲವೇ ಇರಬೇಕು, ಚಿಕ್ಕವಾಗಿರಬೇಕು. ಸತ್ತುದನ್ನು ಕೂಡಲೇ ತೆಗೆಯಬೇಕು. ಆವಿಯಾಗಿ ಹೋಗುವುದು ನೀರು ಮಾತ್ರ, ಉಪ್ಪು ಹೋಗುವುದಿಲ್ಲ; ಆದುದರಿಂದ ಇಳಿದಷ್ಟು ಮಟ್ಟವನ್ನು ಸಿಹಿನೀರಿನಿಂದಲೇ ತುಂಬಬೇಕು. ಇವುಗಳಲ್ಲಿ ಯಾವುದಕ್ಕೂ ಹೆಚ್ಚು ಹಣ ಬೇಡ, ತಾಳ್ಮೆ ಬೇಕು.

ಕಡಲಿಲ್ಲದ ಊರಿನವರ ಗತಿಯೇನು? ಪೀಪಾಯಿಯಲ್ಲಿ ಕಡಲನೀರನ್ನು ಸಾಗಿಸುವುದು ತೊಡಕಿನ ಕೆಲಸ. 1854ರಲ್ಲಿ ಗಾಸನು ಕಡಲನೀರನ್ನು ತಾನೇ ತಯಾರಿಸಲು ಹೊರಟನು. ರಾಸಾಯನಿಕ ವಿಶ್ಲೇಷಣೆಯನ್ನು ಮುಂದಿಟ್ಟುಕೊಂಡು, ಅತ್ಯಲ್ಪ ಪ್ರಮಾಣದ ಅಂಶಗಳನ್ನು ಬಿಟ್ಟು, ನಾಲ್ಕನ್ನೇ ಉಳಿಸಿಕೊಂಡನು. ಇಂದಿನ ಅಳತೆಯಲ್ಲಿ ಹೇಳುವುದಾದರೆ, ಸುಮಾರು ನಾಲ್ಕೂವರೆ ಲೀಟರಿಗೆ ತುಸು ಕಡಮೆ ನೀರಿಗೆ 99 ಗ್ರಾಂ ಅಡಿಗೆಯ ಉಪ್ಪು, 7 ಗ್ರಾಂ ಎಪ್ಸಮ್ ಉಪ್ಪು, 13 ಗ್ರಾಂ ಮೆಗ್ನೀಸಿಯಂ ಕ್ಲೋರೈಡ್, ಎರಡೂವರೆ ಗ್ರಾಮಿನಷ್ಟು ಪೊಟ್ಯಾಸಿಯಂ ಕ್ಲೋರೈಡ್. ಇದರಲ್ಲಿ ಮೊದಲು ಪಾಚಿಯನ್ನು ಬೆಳೆಯಲು ಬಿಟ್ಟು, ಬಳಿಕ ಪ್ರಾಣಿಗಳನ್ನು ಬಿಟ್ಟನು. ಅವು ಬದುಕಿದವು.

ಅಷ್ಟರಲ್ಲಿ, 1853ರ ಮೇ ತಿಂಗಳಲ್ಲಿ, ಲಂಡನ್ನಿನ ಮೃಗಾಲಯದಲ್ಲಿ ಸಾರ್ವಜನಿಕ ಮತ್ಸ್ಯಾಗಾರವು ತೆರೆದಿತ್ತು. ಅದಕ್ಕೆ ಬೇಕಾದ ಜೀವಿಗಳನ್ನು ಸಂಗ್ರಹಿಸಿ ಕಳುಹಿಸಿದವರಲ್ಲಿ ಗಾಸನೂ ಒಬ್ಬನು. 1854ರಲ್ಲಿ ಆತನ ‘ದಿ ಅಕ್ವೇರಿಯಂ’ ಗ್ರಂಥ ಪ್ರಕಟವಾಯಿತು. ಅಕ್ವೇರಿಯಂ ಎಂಬ ಪದವನ್ನು ಈಗಿನ ಅರ್ಥದಲ್ಲಿ ರೂಢಿಗೆ ತಂದ ಕೀರ್ತಿ ಆ ಗ್ರಂಥದ್ದು. ಮರುವರ್ಷ ಬಂದ ಕೈಪಿಡಿ ಹೊಸಬರಿಗೆ ದಾರಿತೋರಿತು. ಲಂಡನ್ನಿನಲ್ಲಿ ವಿಲಿಯಂ ಆಲ್ಫರ್ಡ್ ಲಾಯ್ಡ್ ಎಂಬವನು ಕಡಲ ಜೀವಿಗಳ ಅಂಗಡಿಯನ್ನೇ ತೆರೆದನು. ಗಾಸನು ಕಡಲತಡಿಯಲ್ಲಿ ತರಗತಿಗಳನ್ನು ನಡೆಸಿದನು. 1856ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ ಆತನನ್ನು ಅರಸಿ ಬಂದಿತು.

ಕೀರ್ತಿಯ ಬೆನ್ನಿಗೇ ಕಷ್ಟ ಬಂದಿತು. 1857ರ ಫೆಬ್ರವರಿಯಲ್ಲಿ ಎಮಿಲಿ ಸ್ತನದ ಅರ್ಬುದರೋಗದಿಂದ ತೀರಿಕೊಂಡಳು. ಅದೇ ವರ್ಷ ಆತನು ‘ಓಂಫಲೋಸ್’ ಎಂಬ ಗ್ರಂಥವನ್ನು ಪ್ರಕಟಿಸಿದನು. ಭೂಮಿಯ ಪ್ರಾಚೀನತೆಗೆ ಸಾಕ್ಷಿಯಾದ ಪಳೆಯುಳಿಕೆಗಳು ಸೃಷ್ಟಿಯ ಕ್ಷಣದಲ್ಲಿಯೇ ಹಾಗೆ ಉಂಟಾದುವೆಂಬುದು ಅದರ ವಾದ. ಧರ್ಮವನ್ನೂ ಭೂವಿಜ್ಞಾನವನ್ನೂ ಕೂಡಿಸಹೊರಟ ಆ ವಾದವನ್ನು ಎರಡು ಪಕ್ಷದವರೂ ಒಪ್ಪಲಿಲ್ಲ. ಮಗನೊಡನೆ ಡೆವನ್ನಿನ ಸೇಂಟ್ ಮೇರಿಚರ್ಚ್ ಎಂಬಲ್ಲಿ ನೆಲಸಿದ ಗಾಸನು ಮತ್ತೆ ಕಡಲನ್ನೇ ಆಶ್ರಯಿಸಿದನು. ಬ್ರಿಟನ್ನಿನ ಅನಿಮೋನ್ ಮತ್ತು ಹವಳಗಳ ಮೇಲಿನ ಆತನ ಮಹಾಗ್ರಂಥ 1860ರಲ್ಲಿ ಪೂರ್ಣವಾಯಿತು.

ಆದರೆ ಆ ಕಡಲತಡಿಯೂ ಮೊದಲಿನಂತೆ ಉಳಿಯಲಿಲ್ಲ. ಆತನ ಪುಸ್ತಕಗಳನ್ನೋದಿದ ಜನ ರೈಲುಗಳಲ್ಲಿ ಬಂದು, ಉಳಿ ಸುತ್ತಿಗೆಗಳಿಂದ ಬಂಡೆಗಳನ್ನೊಡೆದು, ಬುಟ್ಟಿ ಬುಟ್ಟಿಯಾಗಿ ಜೀವಿಗಳನ್ನು ಹೊತ್ತೊಯ್ದರು. ಕಡಲಹೂಗಳಿಂದ ತುಂಬಿದ್ದ ನೀರಗುಂಡಿಗಳು ಬರಿದಾದವು. ಈ ಹಾಳಿಗೆ ತನ್ನ ಬರೆಹವೇ ಕಾರಣವಾಯಿತೆಂದು ಅರಿತು ತಂದೆಯು ಮರುಗಿದುದನ್ನು ಎಡ್ಮಂಡನು 1907ರಲ್ಲಿ ಪ್ರಕಟಿಸಿದ ತನ್ನ ಪ್ರಸಿದ್ಧ ಆತ್ಮಕಥನದಲ್ಲಿ ದಾಖಲಿಸಿದ್ದಾನೆ. ಕೆಲವೇ ಪ್ರಾಣಿಗಳು ಸಾಕೆಂದು ಹೇಳಿದವನ ಓದುಗರು ಆ ಮಾತೊಂದನ್ನು ಮರೆತಿದ್ದರು. 1888ರ ಆಗಸ್ಟ್ 23ರಂದು ಗಾಸನು ಕಾಲವಾದನು.

ಇಂದು ಉಪ್ಪುನೀರಿನ ತೊಟ್ಟಿಯನ್ನು ಮೊದಲ ಬಾರಿಗೆ ಕಟ್ಟುವವನಿಗೆ ಗಾಸನ ಕ್ರಮ ಎಷ್ಟು ಉಪಯುಕ್ತ? ಆತನ ನಾಲ್ಕು ಲವಣಗಳು ಹವಳಕ್ಕೆ ಸಾಲವು; ಅದರ ಗೂಡು ಬೆಳೆಯಲು ಕ್ಯಾಲ್ಸಿಯಂ ಬೇಕು. ಗಾಸನು ಸಾಕಿದ ಇಂಗ್ಲೆಂಡಿನ ಹವಳಗಳು ಮಂದ ಬೆಳಕಿನಲ್ಲಿ ಬಾಳುವಂಥವು. ಉಷ್ಣವಲಯದ ದಿಬ್ಬದ ಹವಳಗಳ ಮೈಯಲ್ಲಿ ಸೂಕ್ಷ್ಮ ಪಾಚಿ ವಾಸಿಸುವುದರಿಂದ ಅವುಗಳಿಗೆ ಪ್ರಖರ ಬೆಳಕೂ ಹರಿಯುವ ನೀರೂ ಅಗತ್ಯ. ಆದರೆ ತಾಳ್ಮೆಯ ಪಾಠ ಮಾತ್ರ ಹಳತಾಗಿಲ್ಲ. ಪ್ರಾಣಿಗಳ ಹೊಲಸಿನ ಅಮೋನಿಯವನ್ನು ಮೊದಲು ನೈಟ್ರೈಟಾಗಿ, ಬಳಿಕ ನೈಟ್ರೇಟಾಗಿ ಮಾರ್ಪಡಿಸುವ ಬ್ಯಾಕ್ಟೀರಿಯಗಳು ತೊಟ್ಟಿಯಲ್ಲಿ ನೆಲೆಗೊಳ್ಳಲು ಹಲವು ವಾರಗಳು ಬೇಕು. ಗಾಸನಿಗೆ ಇದು ತಿಳಿದಿರಲಿಲ್ಲ. ಆದರೂ ಮೊದಲು ಕಾಯಬೇಕೆಂಬುದನ್ನು ಅನುಭವದಿಂದ ಅರಿತಿದ್ದನು. ಆತುರಪಟ್ಟು ಕೊಂಡ ಮೀನು ಸತ್ತರೆ ಹಣವೂ ಹೋಯಿತು, ಜೀವವೂ ಹೋಯಿತು. ಕಾಯುವುದಕ್ಕೆ ಕಾಸು ಬೇಡ.

ಇನ್ನೊಂದು ಪಾಠವನ್ನು ನಮ್ಮ ದೇಶ ಕಾನೂನಿನಲ್ಲಿಯೇ ಬರೆದಿದೆ. ದಿಬ್ಬ ಕಟ್ಟುವ ಹವಳಗಳನ್ನು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಗೆ ಒಳಪಡಿಸಲಾಯಿತು. ಮುರುಡೇಶ್ವರದಿಂದ ದೋಣಿಯಲ್ಲಿ ಹೋಗಬಹುದಾದ ನೇತ್ರಾಣಿ ದ್ವೀಪದ ಸುತ್ತ ಹವಳಗಳಿವೆ. ಅವುಗಳನ್ನು ಅಲ್ಲಿಯೇ ನೋಡಿ ಬರಬೇಕು, ಕಿತ್ತು ತರಬಾರದು. ಭರಣಿಯೊಳಗಿನ ಕಡಲಿಗೆ ಬೆಲೆಯಿರುವುದು ಹೊರಗಿನ ಕಡಲು ತುಂಬಿರುವವರೆಗೆ ಮಾತ್ರ. ಗಾಸನು ಈ ಮಾತನ್ನು ತಡವಾಗಿ, ನೋವಿನಿಂದ ಕಲಿತನು. ನಮಗೆ ಆತನ ಬಾಳು ಕಣ್ಣೆದುರಿಗಿದೆ. ನಾವು ಅಷ್ಟು ತಡಮಾಡಬೇಕಾಗಿಲ್ಲ.